ಡೆಸ್ಮಂಡ್ ಥ್ರೋವರನ ಮಂಗಳವಾರಗಳು

ನಮ್ಮ ಹನಿಪಾಟ್ ಓಣಿಯಲ್ಲಿ ಯಾರೂ ಯಾರಿಗೂ ಏನನ್ನೂ ನೇರವಾಗಿ ಹೇಳುವುದಿಲ್ಲ. ಪಕ್ಕದ ಮನೆಯವರ ಮರ ನಮ್ಮ ಅಡುಗೆಮನೆಗೆ ಬೆಳಕೇ ಬಾರದ ಹಾಗೆ ಬೆಳೆದಿದ್ದರೆ ನಾವು ಹೋಗಿ ಆ ಮರವನ್ನು ಹೊಗಳುತ್ತೇವೆ. "ಎಷ್ಟು ಸೊಂಪಾಗಿ ಬಂದಿದೆ ನಿಮ್ಮ ಮರ!" ಎಂದು ಮೂರ್ನಾಲ್ಕು ಸಲ ಹೊಗಳಿದ ಮೇಲೆ ಅವರಿಗೆ ಅರ್ಥವಾಗಿ, ಮರ ಕಡಿಸಿ, ಬಂದು ಕ್ಷಮೆ ಕೇಳುತ್ತಾರೆ. ಆಗ ನಾವು "ಅಯ್ಯೋ, ಯಾಕೆ ಕಡಿಸಿದ್ರಿ? ನಮಗೇನೂ ತೊಂದರೆ ಇರ್ಲಿಲ್ವಲ್ಲ" ಎನ್ನುತ್ತೇವೆ. ಓಣಿ ಒಂದೇ ಕಾರು ಹಿಡಿಯುವಷ್ಟು ಕಿರಿದು. ಎರಡು ಕಾರು ಎದುರುಬದುರಾದರೆ ಇಬ್ಬರೂ ಹಿಂದಕ್ಕೆ ಹೋಗುತ್ತಾರೆ. ಆ ತುದಿಗೊಬ್ಬರು ಈ ತುದಿಗೊಬ್ಬರು ನಿಂತು "ನೀವು ಬನ್ನಿ, ನೀವು ಬನ್ನಿ" ಎಂದು ದೀಪ ಮಿಣುಕಿಸುತ್ತಿರುತ್ತಾರೆ, ನಡುವೆ ಓಣಿ ಪೂರ್ತಿ ಖಾಲಿ ಬಿದ್ದಿರುತ್ತದೆ.

ನಾನು, ಗ್ವೆಂಡಾ, ಇಲ್ಲೇ ಹುಟ್ಟಿ ಬೆಳೆದವಳು. ಊರ ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಆಲೂಗಡ್ಡೆ ಬೇಯಿಸಿ ಹಾಕುತ್ತಲೇ ಅರ್ಧ ಆಯಸ್ಸು ಕಳೆದವಳು. ಇನ್ನೂರು ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸಬೇಕಾದರೆ ಬಾಯಿ ಜೋರಾಗಿರಲೇಬೇಕು, ನನ್ನದು ಜೋರಾಗಿಯೇ ಉಳಿಯಿತು. ಇಂಥವಳು ಇಂಥ ಓಣಿಯಲ್ಲಿ ಬಾಯಿ ಮುಚ್ಚಿಕೊಂಡು ಬದುಕುವುದು ಎಂಥ ಶಿಕ್ಷೆ ಎಂದು ನನಗೇ ಗೊತ್ತು. ಅದರಲ್ಲೂ ಡೆಸ್ಮಂಡ್ ಥ್ರೋವರನ ವಿಷಯದಲ್ಲಿ ಬಾಯಿ ಮುಚ್ಚಿಕೊಂಡಿದ್ದಕ್ಕೆ ನನಗೆ ಯಾರಾದರೂ ಒಂದು ಪದಕ ಕೊಡಬೇಕಿತ್ತು.

ಡೆಸ್ಮಂಡ್ ನಮ್ಮ ಎದುರು ಮನೆಯವನು. ಶಾಲೆಯಲ್ಲಿ ನನಗಿಂತ ಒಂದು ಕ್ಲಾಸು ಮುಂದಿದ್ದ, ಆಗಲೂ ಹೀಗೇ ಇದ್ದ: ಉದ್ದಕ್ಕೆ, ಸಣ್ಣಕ್ಕೆ, ಕಿವಿ ಮಾತ್ರ ದೊಡ್ಡದು, ಮಾತಾಡಿದರೆ ಕಿವಿ ಕೆಂಪಾಗುತ್ತಿತ್ತು. ದೊಡ್ಡವನಾಗಿ ನಮ್ಮೂರಿಂದ ಪಟ್ಟಣಕ್ಕೆ ಹೋಗುವ ಬಸ್ಸಿನ ಡ್ರೈವರಾದ. ಅಂಥ ಡ್ರೈವರು ಇನ್ನೊಬ್ಬ ಹುಟ್ಟುವುದಿಲ್ಲ. ಹೊತ್ತಿಗೆ ಸರಿಯಾಗಿ ಬರುತ್ತಿದ್ದ, ಆದರೆ ಬಿಟ್ಟು ಹೋಗುತ್ತಿರಲಿಲ್ಲ. ಓಣಿಯ ಬಾಯಲ್ಲೇ ಮನೆ ಇರುವ ನಮ್ಮ ಮಿಸೆಸ್ ಕ್ಯಾಚ್‌ಪೋಲ್ ಒಳಗೆ ಟೋಪಿ ಹುಡುಕುತ್ತಾ ಆ ಕಿಟಕಿಯಿಂದ ಈ ಕಿಟಕಿಗೆ ಓಡಾಡುವುದು ಬಸ್ಸಿನಿಂದಲೇ ಕಾಣುತ್ತಿತ್ತು. ಡೆಸ್ಮಂಡ್ ಸ್ಟೀರಿಂಗ್ ಮೇಲೆ ಕೈ ಇಟ್ಟುಕೊಂಡು ಸಣ್ಣಗೆ ಶಿಳ್ಳೆ ಹಾಕುತ್ತಾ ಕಾಯುತ್ತಿದ್ದ. ಬಸ್ಸಿನವರೂ ಕಿಟಕಿಯಲ್ಲಿ ಟೋಪಿ ಕಂಡ ಮೇಲೆಯೇ ಉಸಿರು ಬಿಡುತ್ತಿದ್ದರು. ಹತ್ತಿ ಕೂತ ಮುದುಕಿಗೆ "ತಡ ಆಯ್ತೇನೋ ನನ್ನಿಂದ?" ಎಂಬ ಸಂಕೋಚ. "ಇಲ್ಲ ಇಲ್ಲ, ನಾನೇ ಸ್ವಲ್ಪ ಬೇಗ ಬಂದುಬಿಟ್ಟೆ" ಎಂದು ಇವನ ಉತ್ತರ.

ಮದುವೆ ಆಗಲಿಲ್ಲ. ಆಗಬಾರದು ಎಂದೇನಲ್ಲ, ಕೇಳಬೇಕಲ್ಲ ಮತ್ತೆ? ಕೇಳುವುದು ಇವನ ಜಾಯಮಾನದಲ್ಲಿ ಇಲ್ಲ. ತಾಯಿಯ ಜೊತೆ ಇದ್ದ, ತಾಯಿ ತೊಂಬತ್ತು ದಾಟಿ ಹೋದ ಮೇಲೆ ಒಬ್ಬನೇ ಇದ್ದ. ಹಾಗೆಂದು ಮುಖ ಬಾಡಿಸಿಕೊಂಡು ಕೂತವನಲ್ಲ. ನಿವೃತ್ತನಾದ ಮೇಲೆ ಬೆಳಿಗ್ಗೆ ಎದ್ದು ಅವರೆಬಳ್ಳಿಗೆ ನೀರು, ಮಧ್ಯಾಹ್ನ ಉಪ್ಪಿನಕಾಯಿ ಈರುಳ್ಳಿ ಜೊತೆ ಪೋರ್ಕ್ ಪೈ, ಸಂಜೆ ಸ್ವೀಟ್ ಪೀ ಹೂವಿನ ಕೊಯ್ಲು. ಓಣಿಯಲ್ಲಿ ಕುದುರೆ ಹೋದರೆ ಹಿಂದೆಯೇ ಸಲಿಕೆ ಹಿಡಿದು ಓಡುತ್ತಿದ್ದ. ಗುಲಾಬಿಗೆ ಲದ್ದಿ ಬೇಕಲ್ಲ, ನನ್ನ ಗಂಡ ಕೀತ್ ಕೂಡ ಓಡುತ್ತಿದ್ದ. ಇಬ್ಬರೂ ಒಂದೇ ಲದ್ದಿಯ ಎದುರು ನಿಂತು "ನೀನು ತಗೋ", "ಛೆ ಛೆ, ನೀನು ತಗೋ" ಎನ್ನುತ್ತಿರುವಾಗ ಹಿಂದಿನಿಂದ ಯಾವುದೋ ಕಾರು ಬಂದು ಅದನ್ನು ತುಳಿದುಕೊಂಡು ಹೋಗುತ್ತಿತ್ತು.

ಆಮೇಲೆ ಕೌನ್ಸಿಲ್‌ನವರು ಮನೆಮನೆಗೆ ಚಕ್ರವಿರುವ ಕಸದ ಡಬ್ಬ ಕೊಟ್ಟರು. ಕಪ್ಪು ಡಬ್ಬ ಮನೆಯ ಕಸಕ್ಕೆ, ಹಸಿರು ಡಬ್ಬ ಕಾಗದ ಬಾಟಲಿಗೆ. ಒಂದು ವಾರ ಕಪ್ಪು, ಮುಂದಿನ ವಾರ ಹಸಿರು. ಲಾರಿ ಬುಧವಾರ ಬೆಳಗ್ಗೆ ಬೇಗ ಬರುತ್ತದೆ, ಆದ್ದರಿಂದ ಮಂಗಳವಾರ ಸಂಜೆಯೇ ಡಬ್ಬ ಉರುಳಿಸಿ ಗೇಟಿನ ಹೊರಗೆ ನಿಲ್ಲಿಸಬೇಕು. ಕೇಳುವುದಕ್ಕೆ ಸುಲಭ. ಆದರೆ ಈ ವಾರ ಕಪ್ಪೋ ಹಸಿರೋ ಎಂಬುದು ನೆನಪಿಡುವವರು ಯಾರು? ಡೆಸ್ಮಂಡ್ ಬಸ್ಸು ಓಡಿಸಿದ ಮನುಷ್ಯ, ವೇಳಾಪಟ್ಟಿ ಅವನ ರಕ್ತದಲ್ಲಿ ಇತ್ತು. ಅವನು ಒಮ್ಮೆಯೂ ತಪ್ಪಲಿಲ್ಲ. ಹಾಗಾಗಿ ಓಣಿಯ ಹನ್ನೊಂದು ಮನೆಗಳಲ್ಲಿ ಉಳಿದ ಹತ್ತು ಮನೆಯವರೂ ಮಂಗಳವಾರ ಸಂಜೆ ಪರದೆಯ ಹಿಂದೆ ಕಿವಿ ನಿಮಿರಿಸಿ ಕೂರತೊಡಗಿದರು. ಅವನ ಅಂಗಳದ ಜಲ್ಲಿಯ ಮೇಲೆ ಚಕ್ರ ಗರಗರ ಅಂದ ಕೂಡಲೇ ಪರದೆ ಸರಿಸಿ ಬಣ್ಣ ನೋಡುವುದು, ಸ್ವಲ್ಪ ಹೊತ್ತು ಬಿಟ್ಟು, ನಮಗೆ ತಾನಾಗಿಯೇ ನೆನಪಾದ ಹಾಗೆ, ಅದೇ ಬಣ್ಣದ್ದನ್ನು ಹೊರಗಿಡುವುದು.

ಈ ವಿಷಯ ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಿದರೆ ಅವನ ಮೇಲೆ ಭಾರ ಹಾಕಿದ ಹಾಗಲ್ಲವೇ? "ನಮ್ಮ ಓಣಿಯೋರು ಎಷ್ಟು ಶಿಸ್ತಿನೋರು ನೋಡು ಗ್ವೆಂಡಾ, ಒಬ್ರೂ ತಪ್ಪಲ್ಲ" ಎಂದು ಅವನು ನನ್ನ ಹತ್ತಿರವೇ ಹೆಮ್ಮೆ ಪಟ್ಟುಕೊಂಡಿದ್ದ. ನಾನು ಹೂಂಗುಟ್ಟಿದೆ.

ಇನ್ನು ಏವ್ರಿಲ್ ಮಿನ್ಸ್. ಓಣಿ ತಿರುಗುವಲ್ಲಿ, ಡೆಸ್ಮಂಡನ ಮನೆಯಿಂದ ಮೂರನೆಯದು ಅವಳದು. ಗಂಡ ಹೋಗಿ ಬಹಳ ಕಾಲವಾಗಿತ್ತು. ದುಂಡಗಿನ ಮುಖ, ಚುರುಕು ಕಣ್ಣು, ನಗಲು ನೆಪ ಬೇಕಿಲ್ಲ. ನನ್ನ ಆಪ್ತ ಗೆಳತಿ. ಆರು ವರ್ಷದ ಹಿಂದೆ ಅವಳಿಗೆ ಸೊಂಟದ ಕೀಲಿನ ಆಪರೇಷನ್ ಆಯಿತು. ಊರುಗೋಲು ಹಿಡಿದು ಮನೆಗೆ ಬಂದ ವಾರ, ಮಂಗಳವಾರ ಸಂಜೆ, ಡೆಸ್ಮಂಡ್ ತನ್ನ ಡಬ್ಬ ಇಟ್ಟವನು ಸೀದಾ ನಡೆದು ಹೋಗಿ ಅವಳ ಗೇಟು ತಟ್ಟಿ, "ನಿಮ್ಮದನ್ನೂ ಇಟ್ಟುಬಿಡ್ಲಾ? ಹೇಗೂ ಈ ಕಡೆ ಬಂದಿದ್ದೆ" ಎಂದ. ಆ ಕಡೆ ಅವನಿಗೆ ಬೇರೆ ಯಾವ ಕೆಲಸವೂ ಇರಲಿಲ್ಲ. ಅವಳ ಮನೆ ದಾಟಿದರೆ ಬರೀ ಬಾರ್ಲಿ ಹೊಲ.

ಅಂದಿನಿಂದ ಪ್ರತಿ ಮಂಗಳವಾರ ಸಂಜೆ ಡಬ್ಬ ಹೊರಗೆ, ಬುಧವಾರ ಬೆಳಿಗ್ಗೆ ಡಬ್ಬ ಒಳಗೆ. ಗೇಟಿನ ಬಳಿ ಮಾತು. ಏನು ಮಾತು ಎನ್ನುತ್ತೀರಿ? ಹವಾಮಾನ! "ನಾಳೆ ಬಿಸಿಲು ಬರ್ಬಹುದು." "ಬಂದ್ರೆ ಒಳ್ಳೇದು." "ಬರದಿದ್ರೂ ತೊಂದರೆ ಇಲ್ಲ, ಅವರೆಗೆ ಮಳೆ ಬೇಕಿತ್ತು." ಒಂದೊಂದು ಸಲ ಇವನು ಸ್ವೀಟ್ ಪೀ ಹೂವಿನ ಗೊಂಚಲು ಒಯ್ಯುತ್ತಿದ್ದ. "ಜಾಸ್ತಿ ಆಗ್ಬಿಟ್ಟಿತ್ತು" ಎನ್ನುತ್ತಿದ್ದ. ಅವಳು ಪ್ಲಮ್ ಕೇಕಿನ ತುಂಡು ಕೊಡುತ್ತಿದ್ದಳು. "ಹಾಳಾಗಿ ಹೋಗುತ್ತೆ, ತಗೊಂಡು ಹೋಗಿ" ಎನ್ನುತ್ತಿದ್ದಳು. ಎರಡೂ ಶುದ್ಧ ಸುಳ್ಳು. ಅವನು ಆರಿಸಿ ಆರಿಸಿ ಕೊಯ್ಯುವುದು ನನ್ನ ಕಿಟಕಿಗೆ ಕಾಣುತ್ತಿತ್ತು. ಅವಳು ಆ ಕೇಕು ಮಂಗಳವಾರ ಬೆಳಿಗ್ಗೆಯೇ ಮಾಡುತ್ತಿದ್ದಳು.

ಆಪರೇಷನ್ ಆದ ಮರುವರ್ಷದ ಬೇಸಿಗೆಗೆ ಅವಳ ಸೊಂಟ ಪೂರ್ತಿ ಸರಿಹೋಯಿತು. ಗುರುವಾರ ಊರ ಹಾಲ್‌ನಲ್ಲಿ ನಡೆಯುವ ಡಾನ್ಸಿಗೆ ನನ್ನ ಜೊತೆ ಬಂದು, ನನಗಿಂತ ಚೆನ್ನಾಗಿ ಕುಣಿಯುತ್ತಿದ್ದಳು. ಆದರೆ ಮಂಗಳವಾರ ಸಂಜೆ ಗೇಟಿಗೆ ಬರುವಾಗ ಮಾತ್ರ ಅವಳ ಕಾಲು ಎಳೆಯುತ್ತಿತ್ತು. ಒಂದು ಸಲ ನಾನು ಕೇಳಿಯೇಬಿಟ್ಟೆ.

"ಏನೇ ಇದು ನಾಟಕ? ಮೊನ್ನೆ ಚೆನ್ನಾಗಿ ಕುಣಿದ್ಯಲ್ಲ?"

"ಶ್! ಮೆಲ್ಲಗೆ ಮಾತಾಡೇ. ಸೊಂಟ ಸರಿಹೋಯ್ತು ಅಂತ ಗೊತ್ತಾದ್ರೆ ಅವರು ಬರೋದು ನಿಲ್ಲಿಸಿಬಿಡ್ತಾರೆ."

"ಬರ್ಲಿ ಅಂತ ಆಸೆ ಇದ್ರೆ ಬಾ ಅಂತ ಕರೆಯೋದು ತಾನೆ?"

"ನಿನಗೇನೇ ಹುಚ್ಚಾ?" ಎಂದಳು, ನಿಜವಾಗಿಯೂ ಗಾಬರಿಯಾಗಿ. "ಅವರಿಗೆ ಮುಜುಗರ ಆಗಲ್ವಾ? ನೀನು ಯಾರಿಗೂ ಹೇಳಕೂಡದು, ಆಣೆ ಇಡು."

ಇಟ್ಟೆ. ಅದಾದ ಕೆಲವೇ ದಿನಕ್ಕೆ ಡೆಸ್ಮಂಡ್ ಬೇಲಿ ಕತ್ತರಿಸುತ್ತಾ ನನ್ನನ್ನು ಕರೆದ.

"ಗ್ವೆಂಡಾ, ಏವ್ರಿಲ್ ಸೊಂಟ ಹೇಗಿದೆ? ನಿನಗೇನಾದ್ರೂ ಹೇಳಿದ್ರಾ?"

"ಯಾಕೋ?"

ಕಿವಿ ಕೆಂಪಾಯಿತು. "ಪೂರ್ತಿ ವಾಸಿ ಆಗಿಬಿಟ್ರೆ ನಾನು ಹೋಗೋಕೆ ಕಾರಣವೇ ಇರಲ್ಲ ನೋಡು. ವಾಸಿ ಆಗಬಾರದು ಅಂತಲ್ಲ, ದೇವರಾಣೆ ಅಲ್ಲ. ಆದ್ರೆ... ನಿಧಾನಕ್ಕೆ ಆಗ್ಲಿ ಅಂತ."

"ಲೋ ಮಹಾರಾಯ, ಅವಳನ್ನ ಇಷ್ಟಪಡ್ತೀಯ ಅಂತ ಹೇಳ್ಬಿಡೋ!"

"ಛೆ ಛೆ, ಹಾಗೆಲ್ಲ ಹೇಳೋಕಾಗುತ್ತಾ? ಪಾಪ, ಅವರು ಬೇಡ ಅನ್ನೋಕೆ ಎಷ್ಟು ಕಷ್ಟ ಪಡ್ಬೇಕಾಗುತ್ತೆ! ನೀನು ಬಾಯಿ ಬಿಡ್ಬೇಡ, ಆಣೆ ಇಡು."

ಅದನ್ನೂ ಇಟ್ಟೆ. ಎರಡು ಆಣೆ ಹೊಟ್ಟೆಯಲ್ಲಿ ಇಟ್ಟುಕೊಂಡು ಐದು ವರ್ಷ ಬದುಕಿದ್ದೇನೆ. ಹಗಲೆಲ್ಲ ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು. ಕೀತ್‌ಗೆ ಹೇಳಿದರೆ (ಗಂಡನಿಗೆ ಹೇಳಿದ್ದು ಲೆಕ್ಕಕ್ಕಿಲ್ಲ ಬಿಡಿ) ಪೇಪರಿನಿಂದ ತಲೆ ಎತ್ತದೆ, "ಆಗೋದಾದ್ರೆ ಆಗುತ್ತೆ ಬಿಡೇ, ಅವಸರ ಏನು?" ಎನ್ನುತ್ತಿದ್ದ. ಇಬ್ಬರಿಗೂ ಎಪ್ಪತ್ತು ಹತ್ತಿರವಾಗುತ್ತಿದೆ, ಇನ್ನು ಅವಸರವಿಲ್ಲದೆ ಏನು?

ಹೋದ ಆಗಸ್ಟಿನಲ್ಲಿ ಏವ್ರಿಲ್‌ಳ ತಂಗಿ ಥೆಲ್ಮಾ ಶೆರಿಂಗ್‌ಹ್ಯಾಮ್‌ನಿಂದ ಬಂದಳು. ಅವಳಿಗೆ ಅಲ್ಲಿ ಸಮುದ್ರದ ಎದುರಿಗೇ ಪುಟ್ಟ ಮನೆ ಇದೆ. ಜೊತೆಗೆ ಬಂದು ಇರು, ಇಲ್ಲಿ ನಿನಗೆ ಯಾರಿದ್ದಾರೆ ಎಂದು ಹಠ ಹಿಡಿದಳು. ಏವ್ರಿಲ್ ಒಪ್ಪಿಕೊಂಡುಬಿಟ್ಟಳು. ನನಗೆ ಸುದ್ದಿ ಹೇಳಲು ಬಂದಾಗ ಅವಳ ಕಣ್ಣು ಚುರುಕಾಗಿರಲಿಲ್ಲ.

"ಆರು ವರ್ಷ ಕಾದೆ ಗ್ವೆಂಡಾ. ಒಂದು ಮಾತು ಬರ್ಲಿಲ್ಲ. ಅವರು ಒಳ್ಳೆಯವರು, ಎಲ್ಲರ ಡಬ್ಬಾನೂ ಇಡ್ತಾರೆ. ನಾನೇ ಏನೇನೋ ಅಂದ್ಕೊಂಡೆ."

"ಎಲ್ಲರದ್ದೂ ಎಲ್ಲೇ ಇಡ್ತಾನೆ? ನನ್ನ ಬೆನ್ನು ಹಿಡ್ಕೊಂಡಾಗ ನೋವಿನ ಎಣ್ಣೆ ತಂದುಕೊಟ್ಟ ಅಷ್ಟೆ, ಡಬ್ಬ ಮುಟ್ಟಲಿಲ್ಲ!"

ಅದಕ್ಕಿಂತ ಹೆಚ್ಚು ಹೇಳಲು ನನ್ನ ಬಾಯಿಗೆ ಬೀಗ ಬಿದ್ದಿತ್ತಲ್ಲ. ಅವಳು ತಲೆ ಅಲ್ಲಾಡಿಸಿ ಎದ್ದು ಹೋದಳು. ಸೋಮವಾರ ಅವಳ ಅಂಗಳದಲ್ಲಿ 'ಮಾರಾಟಕ್ಕಿದೆ' ಎಂಬ ಫಲಕ ನೆಟ್ಟರು.

ಡೆಸ್ಮಂಡ್ ಅದನ್ನು ನೋಡಿದ್ದು ಪೇಪರ್ ತರಲು ಹೊರಟಾಗ, ತನ್ನ ಗೇಟಿನಿಂದಲೇ. ನಾನು ಕಿಟಕಿಯಲ್ಲಿದ್ದೆ. ಅವನು ತಿರುವಿನವರೆಗೆ ನಡೆದು ಹೋಗಿ ಫಲಕದ ಎದುರು ನಿಂತ, ಮುಂದೆ ಹೋದ, ಮತ್ತೆ ಹಿಂದೆ ಬಂದು ನಿಂತ. ಪೇಪರ್ ತರದೆಯೇ ನಮ್ಮ ಮನೆಗೆ ಬಂದು ಅಡುಗೆಮನೆಯಲ್ಲಿ ಕುಳಿತ. ನಾನು ಟೀ ಮಾಡಿಕೊಟ್ಟೆ. ಅದು ಆರಿ ಹೋಗುವವರೆಗೂ ಮುಟ್ಟಲಿಲ್ಲ.

"ಶೆರಿಂಗ್‌ಹ್ಯಾಮ್ ಒಳ್ಳೇ ಜಾಗ," ಎಂದ ಕೊನೆಗೆ. "ಸಮುದ್ರ ಇದೆ."

"ಸಮುದ್ರ ಇದೆ ಅಂತ ನನಗೂ ಗೊತ್ತು ಕಣೋ! ಹೋಗಿ ಹೇಳೋ ಅವಳಿಗೆ, ಹೋಗ್ಬೇಡ ಅಂತ!"

"ಫಲಕ ನೆಟ್ಟಾಯ್ತಲ್ಲ ಗ್ವೆಂಡಾ. ಈಗ ಹೇಳಿದ್ರೆ ಏಜೆಂಟಿಗೂ ತೊಂದರೆ."

ಏಜೆಂಟಿಗೆ ತೊಂದರೆಯಂತೆ! ನನ್ನ ಕೈಯಲ್ಲಿ ಸೌಟು ಇತ್ತು. ಅದನ್ನು ಅವನ ತಲೆಯ ಮೇಲೆ ಬಿಡದೆ ಇದ್ದದ್ದು ನನ್ನ ಪುಣ್ಯವೋ ಅವನ ಪುಣ್ಯವೋ.

ಮಾರನೇ ದಿನ ಮಂಗಳವಾರ. ಸಂಜೆ ಟೀ ಮುಗಿಸಿ ನಾವೆಲ್ಲ ಎಂದಿನಂತೆ ಪರದೆಯ ಹಿಂದೆ ಕುಳಿತೆವು. ಜಲ್ಲಿಯ ಮೇಲೆ ಚಕ್ರ ಗರಗರ ಅಂದಿತು. ಕೀತ್ ಪರದೆ ಸರಿಸಿದ.

"ಹಸಿರು," ಎಂದ.

"ಹೋದ ವಾರವೂ ಹಸಿರೇ ಅಲ್ವೇನೋ? ವೈನ್ ಬಾಟಲಿ ನಾನೇ ಹಾಕಿದ್ದೆ."

"ಹಾಗೆ ನನಗೂ ಅನ್ನಿಸ್ತು. ಆದ್ರೆ ಡೆಸ್ಮಂಡ್ ಇಟ್ಟಿದ್ದಾನಲ್ಲ."

"ಅವನು ತಪ್ಪೋನಲ್ಲ," ಎಂದೆ ನಾನೂ. ಕೀತ್ ಹೋಗಿ ಅರ್ಧ ಖಾಲಿ ಇದ್ದ ಹಸಿರು ಡಬ್ಬ ಎಳೆದುಕೊಂಡು ಬಂದ. ಪಕ್ಕದಲ್ಲಿ ಹಸಿರು, ಅದರ ಪಕ್ಕದಲ್ಲಿ ಹಸಿರು. ಮಿಸೆಸ್ ಕ್ಯಾಚ್‌ಪೋಲ್ ಮೊದಲೇ ಕಪ್ಪು ಇಟ್ಟಿದ್ದವರು, ಡೆಸ್ಮಂಡನ ಗೇಟು ನೋಡಿ ಅದನ್ನು ಒಳಗೆಳೆದುಕೊಂಡು ಹಸಿರು ತಂದಿಟ್ಟರು. ಎಲ್ಲರ ಹೊಟ್ಟೆಯಲ್ಲೂ ಅನುಮಾನ ಇತ್ತು, ಒಬ್ಬರೂ ಬಾಯಿ ಬಿಡಲಿಲ್ಲ.

ಡೆಸ್ಮಂಡ್ ಮಾತ್ರ ಅಂದು ತನ್ನ ಡಬ್ಬ ಇಟ್ಟು ಏವ್ರಿಲ್ ಮನೆಯ ಕಡೆ ನೋಡಿದ, ಎರಡು ಹೆಜ್ಜೆ ಇಟ್ಟ, ಫಲಕ ಕಂಡಿತು. ತಿರುಗಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಆರು ವರ್ಷದಲ್ಲಿ ಮೊದಲ ಸಲ. ತಿರುವಿನಲ್ಲಿ ಏವ್ರಿಲ್ ಗೇಟಿನ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು, ಇನ್ನೊಂದು ಕೈಯಲ್ಲಿ ಕಾಗದದಲ್ಲಿ ಸುತ್ತಿದ ಕೇಕು. ಬಹಳ ಹೊತ್ತು ನಿಂತಳು. ನನಗೆ ನೋಡಲಾಗಲಿಲ್ಲ, ಕಿಟಕಿ ಬಿಟ್ಟು ಬಂದೆ.

ಬೆಳಿಗ್ಗೆ ಲಾರಿ ಬಂತು. ಎಂದಿನ ಹಾಗೆ ತಡೆದು ತಡೆದು ಹೋಗುವ ಸದ್ದಿಲ್ಲ, ಬುರ್ರೆಂದು ಹೋಗಿಯೇಬಿಟ್ಟಿತು. ತಿರುವಿನಲ್ಲಿ ಮಾತ್ರ ಒಂದು ಸಲ ನಿಂತ ಸದ್ದು. ಲಾರಿಯವರ ಜೋರು ನಗುವೂ ಕೇಳಿತು. ಓಣಿಯವರೆಲ್ಲ ಡ್ರೆಸ್ಸಿಂಗ್ ಗೌನಿನಲ್ಲೇ ಹೊರಗೆ ಬಂದೆವು. ಹತ್ತು ಹಸಿರು ಡಬ್ಬ ಮುಟ್ಟದೆ ನಿಂತಿದ್ದವು. ಎಲ್ಲರ ಹಿತ್ತಿಲಲ್ಲಿ ಎರಡು ವಾರದ ಕಸ ತುಂಬಿದ ಕಪ್ಪು ಡಬ್ಬ, ಇನ್ನು ಮುಂದಿನ ಕಪ್ಪಿಗೆ ಮತ್ತೆರಡು ವಾರ. ಆಗಸ್ಟಿನ ಬಿಸಿಲು ಬೇರೆ. ಓಣಿಯ ಹೊಸಬ ರೂಪರ್ಟ್, ಲಂಡನ್ನಿಂದ ಬಂದು ಒಂಬತ್ತು ವರ್ಷವಾದರೂ ನಮಗೆ ಇನ್ನೂ ಹೊಸಬನೇ, ಭಾನುವಾರ ನೆಂಟರನ್ನು ಕರೆದು ಕ್ರೋಮರ್ ಏಡಿಯ ಊಟ ಹಾಕಿದ್ದ. ಆ ಏಡಿಯ ಚಿಪ್ಪುಗಳೆಲ್ಲ ಅವನ ಕಪ್ಪು ಡಬ್ಬದಲ್ಲಿದ್ದವು. ಇದ್ದವು ಎಂದು ಓಣಿಗೆಲ್ಲ ವಾಸನೆಯಿಂದಲೇ ತಿಳಿಯುತ್ತಿತ್ತು.

ಡೆಸ್ಮಂಡ್ ಹೊರಗೆ ಬಂದ. ಸಾಲು ನೋಡಿದ. ಮುಖದಿಂದ ರಕ್ತ ಇಳಿದುಹೋಯಿತು.

"ನಾನು ತಪ್ಪು ಇಟ್ಟಿದ್ದೀನಿ," ಎಂದ. "ಆದ್ರೆ ನೀವೆಲ್ಲ..."

"ನಂದೇ ತಪ್ಪು," ಎಂದ ಕೀತ್ ತಕ್ಷಣ. "ನಾನು ವಾರ ಲೆಕ್ಕ ಹಾಕೋದ್ರಲ್ಲಿ ಎಡವಿದೆ."

"ನಾನೂ ಅಷ್ಟೇ ನೋಡಿ, ವಯಸ್ಸಾಯ್ತು," ಎಂದರು ಮಿಸೆಸ್ ಕ್ಯಾಚ್‌ಪೋಲ್.

"ನನ್ನ ಕನ್ನಡಕ ಸರಿ ಇಲ್ಲ." "ನನಗೆ ನೆಗಡಿ ಇತ್ತು." ಹೀಗೆ ಓಣಿಯವರು ಒಬ್ಬೊಬ್ಬರೇ ತಪ್ಪು ತಮ್ಮ ತಮ್ಮ ತಲೆಗೆ ಕಟ್ಟಿಕೊಂಡರು. ಎಲ್ಲರೂ ಬೇರೆ ಬೇರೆ ಕಾರಣಕ್ಕೆ ಒಂದೇ ಸಂಜೆ ಒಂದೇ ತಪ್ಪು ಮಾಡಿದರಂತೆ! ಡೆಸ್ಮಂಡ್ ನಂಬುವುದರಲ್ಲೇ ಇದ್ದ. ಅಷ್ಟರಲ್ಲಿ ಏಡಿಯ ವಾಸನೆ ತಲೆಗೆ ಹತ್ತಿದ್ದ ರೂಪರ್ಟ್ ಬಾಯಿ ಬಿಟ್ಟ.

"ಏನ್ರೀ ಇದೆಲ್ಲ? ನಾವೆಲ್ಲ ನಿಮ್ಮ ಡಬ್ಬ ನೋಡಿಕೊಂಡೇ ಇಡೋದು ಡೆಸ್ಮಂಡ್! ಮೊದಲಿಂದಲೂ ಹಾಗೇ!"

ಎಲ್ಲರೂ ಬೇಲಿ ನೋಡತೊಡಗಿದರು. ಡೆಸ್ಮಂಡ್ ಒಬ್ಬೊಬ್ಬರ ಮುಖ ನೋಡುತ್ತಾ ಬಂದ. ನೋಡುತ್ತಾ ಬಂದವನ ಕಣ್ಣು ತಿರುವಿನಲ್ಲಿ ನಿಂತಿತು. ಏವ್ರಿಲ್‌ಳ ಗೇಟಿನ ಮುಂದೆ ಕಪ್ಪು ಡಬ್ಬ, ಮುಚ್ಚಳ ತೆರೆದು, ಖಾಲಿ. ಅದರ ಪಕ್ಕದಲ್ಲಿ ಅವಳು, ಪೂರ್ತಿ ಉಡುಗೆ ತೊಟ್ಟು, ತಲೆ ಬಾಚಿಕೊಂಡು, ಕೈ ಕಟ್ಟಿಕೊಂಡು ನಿಂತಿದ್ದಳು.

"ನಿಮ್ಮದು ಹೇಗೆ ಸರಿಯಾಯ್ತು?" ಎಂದು ಕೇಳಿದ ಡೆಸ್ಮಂಡ್.

"ಈ ವಾರ ಕಪ್ಪು ಅಂತ ನನಗೆ ಗೊತ್ತಿತ್ತು."

"ಯಾರು ತಂದಿಟ್ಟರು?"

"ನಾನೇ."

"ನಿಮ್ಮ ಸೊಂಟ...?"

ಏವ್ರಿಲ್ ಡಬ್ಬದ ಮುಚ್ಚಳ ಧಡ್ ಎಂದು ಮುಚ್ಚಿದಳು. ಹಾಗೆ ಕೋಪ ಬಂದದ್ದನ್ನು ನಾನು ನೋಡಿರಲಿಲ್ಲ. "ನನ್ನ ಸೊಂಟ ಸರಿಹೋಗಿ ಐದು ವರ್ಷ ಆಯ್ತು ಡೆಸ್ಮಂಡ್! ಬೇಕಿದ್ರೆ ಈ ಡಬ್ಬ ತಲೆ ಮೇಲೆ ಹೊತ್ಕೊಂಡು ನಾರಿಚ್ ಪಟ್ಟಣದವರೆಗೆ ನಡೀತೀನಿ!"

"ಮತ್ತೆ ಯಾಕೆ ಪ್ರತಿ ವಾರ ನನ್ನ ಕೈಲಿ..."

"ನೀವು ಬರ್ಲಿ ಅಂತ!"

ಬೇಲಿ ನೋಡುತ್ತಿದ್ದವರೆಲ್ಲ ಇನ್ನೂ ಗಟ್ಟಿಯಾಗಿ ಬೇಲಿ ನೋಡಿದರು. ಕೀತ್ ಚಪ್ಪಲಿಯ ಮೇಲಿನ ಧೂಳು ಪರೀಕ್ಷಿಸಿದ. ಮನೆಗೆ ಹೋದರೆ ಮರ್ಯಾದೆ, ಆದರೆ ಯಾರ ಕಾಲೂ ಏಳುತ್ತಿಲ್ಲ. ಡೆಸ್ಮಂಡನ ಕಿವಿ ಕೆಂಪಾಯಿತು, ಆ ಕೆಂಪು ಕುತ್ತಿಗೆಗೂ ಇಳಿಯಿತು, ಬಾಯಿ ತೆರೆಯಿತು. ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ನನ್ನ ಜೀವ ಬಾಯಿಗೆ ಬಂದಿತ್ತು.

"ಶೆರಿಂಗ್‌ಹ್ಯಾಮ್‌ನಲ್ಲಿ ಗಾಳಿ ಜಾಸ್ತಿ," ಎಂದ.

ಏವ್ರಿಲ್‌ಳ ಮುಖ ಸಣ್ಣಗಾಯಿತು. ಕೈ ಕೆಳಗೆ ಬಿತ್ತು. ಡಬ್ಬ ಹಿಡಿದು ಒಳಗೆ ಎಳೆಯಲು ತಿರುಗಿದಳು. ಅಷ್ಟೇ, ನನಗೆ ತಡೆಯಲಾಗಲಿಲ್ಲ. ಆಣೆ ಹಾಳಾಗಿ ಹೋಗಲಿ.

"ಡೆಸ್! ಬಾಯಿ ಬಿಡೋ, ಮಹಾನುಭಾವ! ಐದು ವರ್ಷದಿಂದ ನೀನು ಒಂದು ಕಿವಿ ಕಚ್ತೀಯ, ಅವಳು ಇನ್ನೊಂದು ಕಿವಿ ಕಚ್ತಾಳೆ! ಅವಳು ಕುಂಟೋದು ನಿನಗೋಸ್ಕರ, ನೀನು ಡಬ್ಬ ಎಳೆಯೋದು ಅವಳಿಗೋಸ್ಕರ, ಸಾಯ್ತಿರೋದು ನಾನು! ಈಗ ಹೇಳಲಿಲ್ಲ ಅಂದ್ರೆ ನಾನೇ ಅವಳನ್ನ ಶೆರಿಂಗ್‌ಹ್ಯಾಮ್‌ಗೆ ಬಿಟ್ಟು ಬರ್ತೀನಿ!"

ಓಣಿಯ ಇತಿಹಾಸದಲ್ಲಿ ಅಷ್ಟು ಜೋರಾಗಿ ಯಾರೂ ಮಾತಾಡಿರಲಿಲ್ಲ. ಮಿಸೆಸ್ ಕ್ಯಾಚ್‌ಪೋಲ್ ಎದೆ ಮೇಲೆ ಕೈ ಇಟ್ಟುಕೊಂಡರು. ಡೆಸ್ಮಂಡ್ ನನ್ನ ಕಡೆ ನೋಡಿದ, ಅವಳ ಕಡೆ ನೋಡಿದ. ಆಮೇಲೆ ನಡೆದ. ಡ್ರೆಸ್ಸಿಂಗ್ ಗೌನಿನ ದಾರ ಹಿಂದೆ ಎಳೆದುಕೊಂಡು, ಒಂದು ಕಾಲಿಗೆ ಚಪ್ಪಲಿ ಇಲ್ಲ, ಸಾಲಿನ ಹಸಿರು ಡಬ್ಬಗಳನ್ನು ದಾಟಿಕೊಂಡು ನಡೆದು ಅವಳ ಗೇಟಿನ ಹೊರಗೆ ನಿಂತ.

"ಹೋಗ್ಬೇಡಿ ಏವ್ರಿಲ್," ಎಂದ. "ನೀವು ಹೋದ್ರೆ ನನಗೆ ಮಂಗಳವಾರವೇ ಬೇಡ. ನಿನ್ನೆ ನಾನು ಯಾವ ಡಬ್ಬ ಎಳೆದೆ ಅಂತಲೂ ಗೊತ್ತಾಗಲಿಲ್ಲ."

"ಇದನ್ನ ಹೇಳೋಕೆ ಆರು ವರ್ಷ ಬೇಕಾಯ್ತಾ?"

"ಮೊದಲನೇ ವಾರವೇ ಹೇಳೋಣ ಅಂತಿದ್ದೆ," ಎಂದ ಡೆಸ್ಮಂಡ್. "ಅವತ್ತು ಮಳೆ ಬರ್ತಿತ್ತು."

ಏವ್ರಿಲ್ ಅವನನ್ನೇ ನೋಡಿದಳು. ಅವಳ ಮುಖದಲ್ಲಿದ್ದದ್ದು ನಗುವೋ ಅಳುವೋ ಅವಳಿಗೂ ಗೊತ್ತಿದ್ದಂತಿರಲಿಲ್ಲ. ನನಗಂತೂ ಕಣ್ಣಲ್ಲಿ ನೀರು ತುಂಬಿತ್ತು, ಸುಳ್ಳು ಯಾಕೆ ಹೇಳಲಿ.

"ಈಗ ಮಳೆ ಇಲ್ವಲ್ಲ," ಎಂದಳು.

ಅವನು ನಿಜವಾಗಿಯೂ ತಲೆ ಎತ್ತಿ ಆಕಾಶ ನೋಡಿದ. "ಇಲ್ಲ."

"ಹಾಗಾದ್ರೆ ಪೂರ್ತಿ ಹೇಳಿ."

"ನನ್ನನ್ನ ಮದುವೆ ಆಗಿ," ಎಂದ. ಹೇಳಿಬಿಟ್ಟು ಅವನಿಗೇ ಭಯವಾಗಿ, "ಆಗಲ್ಲ ಅಂದ್ರೂ ಪರವಾಗಿಲ್ಲ, ನಾನು ತಪ್ಪು ತಿಳ್ಕೊಳ್ಳಲ್ಲ, ನೀವು ಸಂಕೋಚ ಪಟ್ಕೊಳ್ಳೋದು ಬೇಡ..." ಎಂದು ಶುರು ಮಾಡಿದ.

"ಸಾಕು, ಅಲ್ಲಿಗೇ ನಿಲ್ಲಿಸಿ," ಎಂದಳು ಏವ್ರಿಲ್. "ಆಗ್ತೀನಿ. ಆದ್ರೆ ಇರೋದು ನನ್ನ ಮನೇಲಿ. ನಿಮ್ಮ ಮನೆ ಪರದೆಗಳು ನನಗೆ ಒಂದು ಚೂರೂ ಇಷ್ಟ ಇಲ್ಲ."

"ಅದು ಅಮ್ಮ ಹೊಲಿದಿದ್ದು."

"ಗೊತ್ತು. ಆದ್ರೂ ಇಷ್ಟ ಇಲ್ಲ."

ಇಷ್ಟು ನೇರವಾದ ಮಾತು ನಮ್ಮ ಓಣಿಯಲ್ಲಿ ಯಾರೂ ಕೇಳಿದ್ದಿಲ್ಲ. ಏನಾಗುವುದೋ ಎಂದು ನಾವೆಲ್ಲ ಉಸಿರು ಹಿಡಿದುಕೊಂಡೆವು. ಡೆಸ್ಮಂಡ್ ತನ್ನ ಮನೆಯ ಕಿಟಕಿಗಳ ಕಡೆ ತಿರುಗಿ ನೋಡಿದ. ಆಮೇಲೆ ಅವನ ಮುಖ ಅಗಲವಾಯಿತು, ಮೈ ಮೇಲಿನ ದೊಡ್ಡ ಹೊರೆ ಇಳಿಸಿದವನ ಹಾಗೆ.

"ನನಗೂ ಇಷ್ಟ ಇಲ್ಲ," ಎಂದ. "ಯಾವತ್ತೂ ಇರಲಿಲ್ಲ."